ಹೊಸ್ತಿಲ ಮೇಲೆ ಬಿದ್ದದ್ದು

ಎಣ್ಣೆಯಕ್ಕ ಎಂದರೆ ಆ ಬೀದಿಯ ದರ್ಜಿಗಳಿಗೆಲ್ಲ ಪ್ರೀತಿಯೂ ಇತ್ತು, ಒಳಗೊಳಗೇ ಅಳುಕೂ ಇತ್ತು. ಕೆಟ್ಟ ಹೊಲಿಗೆ ಯಂತ್ರವನ್ನು ಹೊತ್ತು ತಂದವರು ಅದನ್ನು ಕೆಳಗಿಳಿಸಿ ಉಸಿರು ಬಿಡುವ ಮೊದಲೇ "ಎಣ್ಣೆ ಹಾಕಿದ್ರಾ?" ಎಂದು ಕೇಳುವುದು ಅವಳ ಪದ್ಧತಿ. ಹಾಕಿದ್ದೇವೆ ಎಂದರೆ ನಂಬುತ್ತಿರಲಿಲ್ಲ, ಹಾಕಿಲ್ಲ ಎಂದರೆ ಬಿಡುತ್ತಿರಲಿಲ್ಲ. ಯಾರದಾದರೂ ಮದುವೆಯಲ್ಲಿ ಎದುರಾದರೆ ದರ್ಜಿಗಳು ಅವಳ ಕಣ್ಣು ತಪ್ಪಿಸಿ ಹಿಂದಿನ ಸಾಲಿಗೆ ಜಾರಿಕೊಳ್ಳುತ್ತಿದ್ದರು; ಊಟದ ನಡುವೆ ಎಣ್ಣೆಯ ಪಾಠ ಯಾರಿಗೆ ಬೇಕು? ಎಷ್ಟು ತೊಳೆದರೂ ಹೋಗದ ಕರಿ ಅವಳ ಬೆರಳ ಸಂದಿಗಳಲ್ಲಿ ಮನೆ ಮಾಡಿಕೊಂಡಿತ್ತು. "ಕೈ ಅಂದ್ಮೇಲೆ ಕೆಲಸದ ಗುರುತು ಇರ್ಲಿ ಬಿಡಿ," ಎಂದು ಅವಳು ಅದನ್ನು ಹಾಗೇ ಬಿಟ್ಟಿದ್ದಳು.

ಹುಟ್ಟುತ್ತಲೇ ಸ್ಕ್ರೂಡ್ರೈವರ್ ಹಿಡಿದು ಬಂದವಳೇನಲ್ಲ. ಮದುವೆಯಾಗಿ ಬಂದಾಗ ಸೂಜಿಗೆ ದಾರ ಪೋಣಿಸುವುದಷ್ಟೇ ಗೊತ್ತಿತ್ತು. ಕಲಿಸಿದವನು ಮಾವ, ಗಂಡನ ಅಪ್ಪ. ಮಗನಿಗೆ ಕಲಿಸಲು ನೋಡಿ ಸೋತು, ಸೊಸೆಯ ಕಡೆ ತಿರುಗಿದ್ದ. ಗಂಡ ಬಸ್ಸಿನ ಡ್ರೈವರು. ಬಸ್ಸು ಕೆಟ್ಟರೆ ಕೆಳಗಿಳಿದು ಆಕಾಶ ನೋಡುತ್ತ ನಿಲ್ಲುವ ಜಾತಿಯ ಡ್ರೈವರು. ಮಾವನ ರಿಪೇರಿ ಅಂಗಡಿ ಎಷ್ಟು ಚಿಕ್ಕದೆಂದರೆ, ಗಿರಾಕಿ ಒಳಗೆ ಬರಬೇಕಾದರೆ ಮಾವ ಹೊರಗೆ ಬರಬೇಕಿತ್ತು. ಆದರೂ ಸುತ್ತಿನ ಬೀದಿಗಳ ಕಪ್ಪು ಬಣ್ಣದ, ಕಾಲಲ್ಲಿ ತುಳಿಯುವ ಯಂತ್ರಗಳಲ್ಲಿ ಅವನ ಕೈ ಸೋಕದೆ ಓಡುತ್ತಿದ್ದದ್ದು ಒಂದೂ ಇರಲಿಲ್ಲ. ಅವುಗಳನ್ನು ಬಿಚ್ಚಿ, ಒರೆಸಿ, ಎಣ್ಣೆ ಹಾಕಿ ಕೊಡುವುದರಲ್ಲೇ ಮನೆ ನಡೆಯುತ್ತಿತ್ತು.

ಆಗ ಎದುರು ಸಾಲಿನಲ್ಲಿ ಯಂತ್ರ ಮಾರುವ ದೊಡ್ಡ ಅಂಗಡಿಯೊಂದು ಬಾಗಿಲು ತೆರೆಯಿತು. ಅದರ ಯಜಮಾನನಿಗೆ ಬೀದಿಯವರು ಬಹುಬೇಗ ಒಂದು ಹೆಸರಿಟ್ಟರು: ಗೆರೆ ಯಜಮಾನ. ಅವನ ಬಾಯಲ್ಲಿ ದಿನಕ್ಕೊಮ್ಮೆಯಾದರೂ ಬರುತ್ತಿದ್ದ ಮಾತು ಇದು: "ಕಾನೂನು ಹಾಕಿದ ಗೆರೆ ನಾನು ದಾಟಲ್ಲ. ಗೆರೆಯಿಂದ ಈಚೆ ಒಂದು ಕೂದಲೆಳೆಯಷ್ಟು ಜಾಗಾನೂ ಬಿಡಲ್ಲ." ಹೇಳಿದಂತೆಯೇ ನಡೆಯುವ ಮನುಷ್ಯ. ತೂಕದಲ್ಲಿ ಮೋಸವಿಲ್ಲ, ತೆರಿಗೆಯಲ್ಲಿ ಕಳ್ಳತನವಿಲ್ಲ, ಬಾಯಲ್ಲಿ ಸುಳ್ಳಿಲ್ಲ. ಬಂದ ಮೊದಲ ವರ್ಷವೇ ಒಂದು ಬೋರ್ಡು ಬರೆಸಿ ತೂಗುಹಾಕಿದ: ಯಾವ ಅಂಗಡಿಯಲ್ಲಿ ಕೊಂಡ ಯಂತ್ರವಾದರೂ ಸರಿ, ಇಲ್ಲಿ ಬಿಚ್ಚಿ ಒರೆಸಿ ಎಣ್ಣೆ ಹಾಕಿಕೊಡುವುದು ಉಚಿತ.

ಮಾವ ಮಾರುತ್ತಿದ್ದದ್ದು ಅದೊಂದನ್ನೇ. ಎದುರಿನವನು ಅದನ್ನು ಬಿಟ್ಟಿಗೆ ಹಂಚಲು ಶುರುಮಾಡಿದ. ದರ್ಜಿಗಳು ಒಳ್ಳೆಯವರು, ಮೊದಮೊದಲು ಮಾವನ ಮುಖ ನೋಡಲಾಗದೆ ಪಕ್ಕದ ಓಣಿಯಿಂದ ಸುತ್ತಿ ಎದುರಂಗಡಿಗೆ ಹೋದರು. ಆಮೇಲೆ ನೇರವಾಗಿಯೇ ಹೋದರು. ಒಂದು ದಿನ ಮಾವ ಅಂಗಡಿಗೆ ಬೀಗ ಹಾಕಿ, ಹತ್ಯಾರಗಳ ಪೆಟ್ಟಿಗೆಯನ್ನು ಮನೆಯ ಊಟದ ಮೇಜಿನ ಮೇಲೆ ತಂದಿಟ್ಟು, "ಬಾರಮ್ಮ, ಇನ್ಮೇಲೆ ಪಾಠಕ್ಕೆ ಬೇಕಾದಷ್ಟು ಹೊತ್ತಿದೆ," ಎಂದ.

ಅವನ ಅಂಗಡಿ ಮುಚ್ಚಿದ ಮೇಲೆ ಎದುರಿನ ಬೋರ್ಡೂ ಇಳಿಯಿತು, ಉಚಿತವೂ ಮುಗಿಯಿತು. ಅದಕ್ಕೂ ಕಾನೂನಿನಲ್ಲಿ ಅಡ್ಡಿಯಿರಲಿಲ್ಲ.

ಇಷ್ಟಾದ ಮೇಲೆ ಗೆರೆ ಯಜಮಾನ ತಾನೇ ನಡೆದುಕೊಂಡು ಮನೆಗೆ ಬಂದ. ಬಾಗಿಲಲ್ಲೇ ನಿಂತು, "ನಿಮ್ಮಂಥ ಕೈ ಇನ್ನೊಂದಿಲ್ಲ. ನಮ್ಮಲ್ಲಿ ಕೆಲಸಕ್ಕೆ ಬನ್ನಿ," ಎಂದು ಮಾವನನ್ನು ಕೇಳಿದ. ಧೈರ್ಯ ಎನ್ನಬೇಕೋ, ದಪ್ಪ ಚರ್ಮ ಎನ್ನಬೇಕೋ! ಸೊಸೆ ಅಡುಗೆಮನೆಯಲ್ಲಿ ಹಲ್ಲು ಕಚ್ಚಿಕೊಂಡು ನಿಂತಿದ್ದಳು. ಮಾವ ಮಾತ್ರ ಕುರ್ಚಿ ತೋರಿಸಿ, "ನಂದು ಮುಗೀತು. ಇವಳನ್ನ ಕರ್ಕೊಳಿ. ಕೈ ನನಗಿಂತ ಚುರುಕು," ಎಂದುಬಿಟ್ಟ. ಯಜಮಾನ ಹೋದ ಮೇಲೆ ಅವಳು ಮಾವನ ಮೇಲೆ ರೇಗಿದಳು.

"ನಮ್ಮ ಹೊಟ್ಟೆ ಮೇಲೆ ಹೊಡೆದೋರ ಹತ್ರ ನಾನು ಕೆಲಸಕ್ಕೆ ಹೋಗ್ಬೇಕಾ?"

"ಅವನು ನನ್ನ ಕೈ ಕಟ್ಟಿಹಾಕಲಿಲ್ಲ, ಬೈಲಿಲ್ಲ, ಕದೀಲಿಲ್ಲ," ಎಂದ ಮಾವ. "ಏನು ಮಾಡಿದ ಅಂತ ಯಾರಿಗೆ ದೂರು ಕೊಡೋದು ಹೇಳು. ಸರಿ ಮಾಡಿದ ಅಂತ ನಾನು ಹೇಳ್ತಿಲ್ಲ. ಆದ್ರೆ ನಿನ್ನ ಕೈಲಿರೋ ಕೆಲಸ ನನ್ನ ಸಿಟ್ಟಿನ ಜೊತೆ ತುಕ್ಕು ಹಿಡೀಬಾರ್ದು."

ಹಾಗೆ ಹೋದವಳು ಅಲ್ಲಿಯೇ ತಲೆಗೂದಲು ನರೆಯುವವರೆಗೆ ಉಳಿದಳು. ಈಗ ನಿಜ ಹೇಳಬೇಕು. ಹೇಳದಿದ್ದರೆ ಎಣ್ಣೆಯಕ್ಕನೇ ಬಂದು ನನ್ನ ಕಿವಿ ಹಿಂಡುತ್ತಾಳೆ. ಆ ಅಂಗಡಿ ಅವಳನ್ನು ಚೆನ್ನಾಗಿ ನೋಡಿಕೊಂಡಿತು. ಸಂಬಳ ಒಂದು ದಿನವೂ ತಡವಾಗಲಿಲ್ಲ. ಮಗಳು ಹುಟ್ಟಿದಾಗ ಕೂಸನ್ನು ಜೊತೆಗೇ ಕರೆತರಲು ಯಜಮಾನ ಹೇಳಿದ. ಅದು ಯಂತ್ರದ ಮರದ ಮುಚ್ಚಳವನ್ನು ಬೋರಲು ಹಾಕಿ ಮಾಡಿದ ತೊಟ್ಟಿಲಲ್ಲಿ ಮಲಗುತ್ತಿತ್ತು. ಯಂತ್ರಗಳು ಗಡಗಡ ಎನ್ನುವ ಅಂಗಡಿಯಲ್ಲಿ "ಮಗು ಮಲಗಿದೆ, ಸದ್ದು ಮಾಡಬೇಡಿ" ಎಂದು ಬೋರ್ಡು ಹಾಕಿಸಿದ ಮಹಾನುಭಾವ ಅವನೇ. ಗಂಡ ಕಾಲು ಮುರಿದುಕೊಂಡು ಹಾಸಿಗೆ ಹಿಡಿದಾಗ, ಅವಳು ಮನೆ ಬಿಟ್ಟು ಬರಲಾಗದಿದ್ದ ದಿನಗಳಿಗೆಲ್ಲ ಸಂಬಳ ಮನೆಗೇ ಬಂತು, ಜೊತೆಗೆ ರಿಪೇರಿಗೆ ಒಂದೊಂದು ಯಂತ್ರವೂ ಬಂತು. "ಬಿಟ್ಟಿ ಕೊಟ್ಟೆ ಅಂತ ಅಂದ್ಕೋಬೇಡ," ಎಂದು ಹೇಳಿಕಳಿಸಿದ್ದ. ಮಗಳು ನರ್ಸ್ ಆದದ್ದು, ಮಾವ ಕೊನೆಯವರೆಗೂ ಔಷಧಿಗೆ ಪರದಾಡದೆ ನೆಮ್ಮದಿಯಾಗಿ ಕಣ್ಣು ಮುಚ್ಚಿದ್ದು, ಎಲ್ಲವೂ ಆ ಅಂಗಡಿಯ ಅನ್ನದಿಂದಲೇ. ಎಣ್ಣೆಯಕ್ಕನಿಗೆ ಇದು ದಿನವೂ ನೆನಪಿತ್ತು. ಎದುರು ಸಾಲಿನಲ್ಲಿ ಬೀಗ ಬಿದ್ದ ಆ ಪುಟ್ಟ ಅಂಗಡಿಯೂ ದಿನವೂ ಕಣ್ಣಿಗೆ ಬೀಳುತ್ತಿತ್ತು.

ಯಜಮಾನನಿಗೆ ಇನ್ನೊಂದು ಪದ್ಧತಿಯಿತ್ತು. ಅದನ್ನು ಅಂಗಡಿಯವರು "ಎರಡು ಕೈ" ಎನ್ನುತ್ತಿದ್ದರು. ಯಾರಾದರೂ ಕೆಲಸ ಬಿಟ್ಟು ಹೋಗುವ ದಿನ ಮಧ್ಯಾಹ್ನ ಎಲ್ಲರಿಗೂ ಚಹಾ ತರಿಸಿ ಅವನು ಹೇಳುತ್ತಿದ್ದ: "ಈ ಅಂಗಡಿಯಲ್ಲಿ ನಿನ್ನ ಎರಡು ಕೈಲಿ ಎತ್ತಿ ಹೊಸ್ತಿಲು ದಾಟಿಸೋದು ಏನಿದ್ರೂ ಅದು ನಿಂದು." ಪ್ಯಾಕಿಂಗಿನವನೊಬ್ಬ ಆಸೆಗೆ ಬಿದ್ದು ಅತಿ ಭಾರದ ಕಾರ್ಖಾನೆ ಯಂತ್ರವನ್ನೇ ಎತ್ತಿ, ಹೊಸ್ತಿಲೂ ದಾಟಿಸಿ, ಆಮೇಲೆ ಸೊಂಟ ಹಿಡಿದುಕೊಂಡು ಅದರ ಪಕ್ಕದಲ್ಲೇ ಮಲಗಿದ. ಕಸ ಗುಡಿಸುವಾಕೆ ಸುತ್ತಲೂ ನೋಡಿ, ಯಜಮಾನ ಕೂತಿದ್ದ ಕುರ್ಚಿಯನ್ನೇ ತೋರಿಸಿದಳು. ಯಜಮಾನ ತಕ್ಷಣ ಎದ್ದು ನಿಂತ. ಅವನ ಮೈಗೆ ಒಗ್ಗುವ ಕುರ್ಚಿ ಇನ್ನೊಂದು ಸಿಗುವವರೆಗೆ ನಿಂತುಕೊಂಡೇ ವ್ಯಾಪಾರ ಮಾಡಿದ.

ಈ ಪದ್ಧತಿ ಎಲ್ಲಿಂದ ಬಂತು ಎಂದು ಎಣ್ಣೆಯಕ್ಕ ಒಮ್ಮೆ ಕೇಳಿದ್ದಳು. ಅವನು ಪ್ರಾಯದಲ್ಲಿ ಬೇರೆ ಕಡೆ ಒಬ್ಬನ ಅಂಗಡಿಯಲ್ಲಿ ಬಹುಕಾಲ ದುಡಿದಿದ್ದನಂತೆ. ಬಿಟ್ಟು ಬರುವ ದಿನ ಆ ಒಡೆಯ ಬಾಗಿಲ ತನಕವೂ ಬರಲಿಲ್ಲವಂತೆ. "ಕಾನೂನಿನ ಪ್ರಕಾರ ನನಗೆ ಬರಬೇಕಾದ್ದು ಏನೂ ಇರ್ಲಿಲ್ಲ," ಎಂದಿದ್ದ ಯಜಮಾನ. "ಅದಕ್ಕೇ ನೋಡು, ಬರೀ ಕೈ ಬೀಸ್ಕೊಂಡು ಬಂದೆ." ಆಮೇಲೆ ಕೆಲಸ ನೋಡು ಹೋಗು ಎಂದು ಗದರಿಸಿದ್ದ.

ಮನೆಯಲ್ಲಿ ಗಂಡ ಮಾತ್ರ ಎಷ್ಟೋ ವರ್ಷಗಳಿಂದ ಅಂಗಡಿಯ ದೊಡ್ಡ ಫ್ಯಾನಿನ ಮೇಲೆ ಕಣ್ಣಿಟ್ಟಿದ್ದ. "ನಿನ್ನ ಎರಡು ಕೈ ಬಂದಾಗ ಅದನ್ನ ಬಿಟ್ಟು ಬೇರೆ ಏನಾದ್ರೂ ಮುಟ್ಟಿದ್ರೆ ನೋಡು," ಎಂದು ಬೇಸಿಗೆ ಬಂದಾಗಲೆಲ್ಲ ಎಚ್ಚರಿಸುತ್ತಿದ್ದ.

ಹೀಗಿರುವಾಗ ಕಪ್ಪು ಯಂತ್ರಗಳನ್ನು ತಯಾರಿಸುತ್ತಿದ್ದ ಕಂಪನಿ ಆ ಕೆಲಸವನ್ನೇ ನಿಲ್ಲಿಸಿತು. ಆ ಯಂತ್ರದ ಹೊಟ್ಟೆಯೊಳಗೆ, ಕೆಳಗಿನ ದಾರವನ್ನು ಮೇಲಿನ ದಾರಕ್ಕೆ ಸಿಕ್ಕಿಸುವ, ಅಂಗೈಯಲ್ಲಿ ಅಡಗುವಂಥ ಒಂದು ಉಕ್ಕಿನ ತುಂಡು ಇರುತ್ತದೆ. ಅದಕ್ಕೆ ಶಟಲ್ ಎನ್ನುತ್ತಾರೆ. ಅದರ ಮೂತಿ ಸವೆದರೆ ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತದೆ. ಬದಲಾಯಿಸಿದರೆ ಯಂತ್ರ ಮತ್ತೆ ಹೊಸದು. ಉಳಿದ ಭಾಗ ತಲೆಮಾರು ಕಳೆದರೂ ಏನೂ ಆಗುವುದಿಲ್ಲ. ಯಜಮಾನ ಕಂಪನಿಯ ಗೋದಾಮಿನಲ್ಲಿದ್ದ, ಸುತ್ತಮುತ್ತಲ ಅಂಗಡಿಗಳಲ್ಲಿದ್ದ ಶಟಲ್‌ಗಳನ್ನೆಲ್ಲ ಕೇಳಿದ ಬೆಲೆ ಕೊಟ್ಟು ಕೊಂಡು ತಂದ. ಹಿಂದಿನ ಕೋಣೆಯಲ್ಲಿ ರಟ್ಟಿನ ಪೆಟ್ಟಿಗೆಗಳು ಸಾಲಾಗಿ ಕೂತವು. ಇನ್ನು ಎಷ್ಟೋ ವರ್ಷ ಚಿಂತೆಯಿಲ್ಲ ಎಂದು ದರ್ಜಿಗಳು ಖುಷಿಪಟ್ಟರು. ಎಣ್ಣೆಯಕ್ಕನೂ ಖುಷಿಪಟ್ಟಳು.

ಆಗ ಬಂದವಳು ಕಾಲರಜ್ಜಿ. ಅಂಗಿಯ ಕಾಲರ್ ಸವೆದು ದಾರ ಎದ್ದರೆ, ಅದನ್ನು ಬಿಚ್ಚಿ, ಒಳಮೈ ಹೊರಗೆ ಮಾಡಿ, ಮತ್ತೆ ಕೂರಿಸಿ ಹೊಲಿದುಕೊಡುವುದು ಅವಳ ಕಸುಬು. ಆ ಬೀದಿಯಲ್ಲಿ ಕತ್ತೆತ್ತಿಕೊಂಡು ಕೆಲಸಕ್ಕೆ ಹೋಗುತ್ತಿದ್ದ ಎಷ್ಟೋ ಗುಮಾಸ್ತರ ಮರ್ಯಾದೆ ಅವಳ ಕೈಯಲ್ಲಿತ್ತು. ಮಾವ ಸರಿಮಾಡಿಕೊಟ್ಟಿದ್ದ ಅವಳ ಕಪ್ಪು ಯಂತ್ರ ಈಗ ಹೊಲಿಗೆ ಬಿಡುತ್ತಿತ್ತು. ಎಣ್ಣೆಯಕ್ಕ ಎರಡು ಸಲ ಶಟಲ್‌ನ ಮೂತಿಗೆ ಅರ ಹಾಕಿ ಚೂಪು ಮಾಡಿಕೊಟ್ಟಿದ್ದಳು. ಅದು ಹೆಚ್ಚು ದಿನ ನಿಲ್ಲಲಿಲ್ಲ.

"ಒಂದು ಶಟಲ್ ಕೊಡಪ್ಪ," ಎಂದಳು ಅಜ್ಜಿ, ಗಲ್ಲಾ ಮುಂದೆ ನಿಂತು.

"ಕೊಡೋದಿಲ್ಲಮ್ಮ," ಎಂದ ಯಜಮಾನ.

"ಯಾಕೆ, ಖಾಲಿಯಾಯ್ತಾ?"

"ಸುಳ್ಳು ಹೇಳಲ್ಲ ನಾನು. ಇದೆ. ಮಾರೋದಿಲ್ಲ. ಅದು ಸಿಗುತ್ತೆ ಅನ್ನೋವರೆಗೂ ಈ ಬೀದಿಯಲ್ಲಿ ಯಾರೂ ಹೊಸ ಮಿಷನ್ ತಗೊಳಲ್ಲ. ನಿಮಗೆ ಕಂತಿನ ಮೇಲೆ ಹೊಸದು ಕೊಡ್ತೀನಿ, ಒಳ್ಳೇ ಮಾಲು."

"ಕಂತು ನನಗಿಂತ ಜಾಸ್ತಿ ದಿನ ಬದುಕುತ್ತಲ್ಲಪ್ಪ!" ಎಂದು ಅಜ್ಜಿ ನಕ್ಕಳು. ಅವಳ ಜೊತೆ ಬೇರೆ ಯಾರೂ ನಗಲಿಲ್ಲ. ಅಜ್ಜಿ ಎಣ್ಣೆಯಕ್ಕನ ಕಡೆ ಒಮ್ಮೆ ನೋಡಿ, ಮೆಲ್ಲಗೆ ಮೆಟ್ಟಿಲಿಳಿದು ಹೋದಳು. ಆ ನೋಟದಲ್ಲಿ ಬೈಗುಳವಿದ್ದರೆ ಎಣ್ಣೆಯಕ್ಕ ಹೇಗೋ ಸಹಿಸಿಕೊಳ್ಳುತ್ತಿದ್ದಳು. ಬರೀ "ನೀನೂ ಇಲ್ಲೇ ಇದ್ದೀಯಲ್ಲ" ಎನ್ನುವಂತಿತ್ತು. ಅವಳಿಗೆ ಕೈಯಲ್ಲಿದ್ದ ಕೆಲಸ ಮುಂದುವರಿಸಲು ಆಗಲಿಲ್ಲ.

ಸೀದಾ ಗಲ್ಲಾದ ಹತ್ತಿರ ಹೋದಳು. "ಯಜಮಾನ್ರೇ, ಇದು ಸರೀನಾ?"

"ಕಾನೂನಾ ಅಂತ ಕೇಳ್ತಿದ್ದೀಯಾ, ಸರೀನಾ ಅಂತ ಕೇಳ್ತಿದ್ದೀಯಾ?"

"ಎರಡೂ ಬೇರೆ ಬೇರೇನಾ?"

ಯಜಮಾನ ಕನ್ನಡಕ ತೆಗೆದು ಒರೆಸಿಕೊಂಡ. "ಮೊದಲನೇದಕ್ಕೆ ಒಂದೇ ಉತ್ತರ. ದುಡ್ಡು ಕೊಟ್ಟು ತಂದಿದ್ದೀನಿ, ನನ್ನ ವಸ್ತು, ಮಾರ್ತೀನೋ ಬಿಡ್ತೀನೋ ನನ್ನಿಷ್ಟ. ಎರಡನೇದಕ್ಕೆ ಬೀದಿಯಲ್ಲಿ ಎಷ್ಟು ಬಾಯಿ ಇದೆಯೋ ಅಷ್ಟು ಉತ್ತರ. ನಾನು ಒಂದೇ ಉತ್ತರ ಇರೋ ಪ್ರಶ್ನೆ ಇಟ್ಕೊಂಡು ವ್ಯಾಪಾರ ಮಾಡ್ತೀನಿ. ಶನಿವಾರ ಗುಜರಿಯವನ ಲಾರಿ ಬರುತ್ತೆ. ಪೆಟ್ಟಿಗೆಗಳನ್ನ ಮುಂದಕ್ಕೆ ತಂದಿಡ್ಸು. ಎಲ್ಲಾನೂ ಒಡೆದು ಕರಗಿಸೋಕೆ ಹೇಳಿದ್ದೀನಿ."

ಮಾರುವುದಿಲ್ಲ ಎಂದರೆ ಇಟ್ಟುಕೊಳ್ಳುತ್ತಾನೆ ಎಂದು ಎಣ್ಣೆಯಕ್ಕ ಅಂದುಕೊಂಡಿದ್ದಳು. ಒಡೆಯುವುದೇ? ಹಿಂದಿನ ಕೋಣೆಗೆ ಹೋಗಿ ಪೆಟ್ಟಿಗೆಗಳನ್ನು ಒಂದೊಂದಾಗಿ ತೆರೆದಳು. ಗೋದಾಮಿನ ಶೀತಕ್ಕೆ ಕೆಲವಕ್ಕೆ ಕೆಂಪಗೆ ತುಕ್ಕು ಹತ್ತಿತ್ತು. ನೋಡಿದ್ದೇ ತಡ ಕೈ ಸುಮ್ಮನಿರಲಿಲ್ಲ. ಎಣ್ಣೆಯ ಡಬ್ಬಿ ಹಿಡಿದು ಕೂತು, ಒರೆಸಿ ಒರೆಸಿ, ಪೆಟ್ಟಿಗೆಯೊಳಕ್ಕೆ ಧಾರಾಳವಾಗಿ ಎಣ್ಣೆ ಸುರಿದಳು. ಯಜಮಾನ ಬಾಗಿಲಲ್ಲಿ ಬಂದು ನೋಡಿ ನಗು ತಡೆಯಲಾರದೆ ಹೋದ. "ಒಡೆಯೋಕೆ ಹೋಗೋ ವಸ್ತುವಿಗೆ ಎಣ್ಣೆ ಹಾಕ್ತೀಯಲ್ಲೇ ಮಾರಾಯ್ತಿ!"

ಆ ಸಂಜೆ ಊಟಕ್ಕೆ ಕೂತಾಗ ಅವಳು ನಡೆದದ್ದನ್ನೆಲ್ಲ ಹೇಳಿದಳು. ವಿಷಯ ಕೇಳಿ ಮಗಳು ರೇಗಿದಳು. "ಒಂದು ಹಿಡಿ ಸೆರಗಲ್ಲಿ ಕಟ್ಕೊಂಡು ಬಾರಮ್ಮ. ಹೇಗೂ ಗುಜರಿಗೆ ಹೋಗೋದು ತಾನೆ?"

"ಕದ್ದು ತಂದದ್ದನ್ನ ಅಜ್ಜಿ ಮಿಷನ್‌ಗೆ ಹಾಕಿದ್ರೆ ನಿಮ್ಮ ತಾತ ಎದ್ದು ಬರ್ತಾರೆ."

"ಹಾಗಾದ್ರೆ ಕೆಲಸ ಬಿಟ್ಟುಬಿಡು. ಅಂಥೋರ ಹತ್ರ ಯಾಕಿರ್ಬೇಕು?"

"ಅಂಥೋರು ಅನ್ಬೇಡ," ಎಂದಳು ಎಣ್ಣೆಯಕ್ಕ, ಸ್ವಲ್ಪ ಜೋರಾಗಿಯೇ. "ನೀನು ಮಲಗಿದ್ದ ತೊಟ್ಟಿಲು ಅವರದ್ದು."

ಗಂಡ ಅನ್ನ ಕಲಸುತ್ತಿದ್ದ. ಮನೆಯಲ್ಲಿ ಜಗಳ ಹತ್ತುವ ಲಕ್ಷಣ ಕಂಡಾಗಲೆಲ್ಲ ಅವನು ಮಾತು ಬೇರೆ ಕಡೆ ತಿರುಗಿಸುವುದು ರೂಢಿ. "ಕೆಲಸ ಬಿಡೋದಾದ್ರೆ ಫ್ಯಾನ್ ಮರೀಬೇಡ," ಎಂದ.

ಎಣ್ಣೆಯಕ್ಕ ತಟ್ಟೆಯಿಂದ ತಲೆಯೆತ್ತಿದಳು. ಅವಳ ಮುಖ ನೋಡಿ ಗಂಡನಿಗೆ ಅರ್ಥವಾಯಿತು, ಫ್ಯಾನ್ ಕೈತಪ್ಪಿತು ಎಂದು. ಮೊಣಕಾಲು ಸವರಿಕೊಂಡು, ಮುರಿದು ಕೂಡಿದ ಆ ಕಾಲನ್ನು ಚಾಚಿ, "ನನ್ನ ಪಿಂಚಣಿ ಇದೆಯಲ್ಲ, ಹೇಗೋ ಆಗುತ್ತೆ ಬಿಡು," ಎಂದ. ಇಂಥ ಗಂಡಂದಿರು ಬಸ್ಸು ರಿಪೇರಿ ಮಾಡದಿದ್ದರೇನಂತೆ!

ಶನಿವಾರ ಮಧ್ಯಾಹ್ನ ಅವಳು ಇಂದು ನನ್ನ ಕೊನೆಯ ದಿನ ಎಂದಾಗ ಯಜಮಾನ ಲೆಕ್ಕದ ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟ. ಆಮೇಲೆ ಚಹಾ ತರಿಸಿದ. ಅಂಗಡಿಯವರೆಲ್ಲ ಸೇರಿದರು. ಬೀದಿಯಲ್ಲಿ ಸುದ್ದಿ ಹಬ್ಬಿ, ಎದುರು ಸಾಲಿನ ದರ್ಜಿಗಳು ಅಳತೆಯ ಟೇಪು ಕೊರಳಲ್ಲಿರುವಂತೆಯೇ ಬಂದು ಮೆಟ್ಟಿಲ ಕೆಳಗೆ ನಿಂತರು. ಕಾಲರಜ್ಜಿಯೂ ಬಂದು ಎಲ್ಲರಿಗಿಂತ ಮುಂದೆ, ಬಾಗಿಲ ಕಂಬಕ್ಕೆ ಒರಗಿ ನಿಂತಳು.

"ಈ ಅಂಗಡಿಯಲ್ಲಿ ನಿನ್ನ ಎರಡು ಕೈಲಿ ಎತ್ತಿ ಹೊಸ್ತಿಲು ದಾಟಿಸೋದು ಏನಿದ್ರೂ ಅದು ನಿಂದು," ಎಂದ ಯಜಮಾನ. ಅವನ ದನಿ ಎಂದಿನಂತಿರಲಿಲ್ಲ. "ಹೊಸ ಮಿಷನ್ ತಗೋ. ಮನೇಲಿ ಮೇಜಿನ ಮೇಲೆ ಇಟ್ಕೋ."

ಅವಳು ಗುಜರಿಗೆಂದು ಮುಂದೆ ತಂದಿಟ್ಟಿದ್ದ ಪೆಟ್ಟಿಗೆಗಳಲ್ಲಿ ಒಂದರ ಮೇಲೆ ಕೈಯಿಟ್ಟಳು. "ಇದು."

"ಬೇರೆ ಏನಾದ್ರೂ ಕೇಳು."

"ನಿಮ್ಮ ಮಾತಲ್ಲಿ 'ಏನಿದ್ರೂ' ಅಂತಿತ್ತು."

ಯಜಮಾನನ ಮುಖ ಕೆಂಪಾಯಿತು. ಅಂಗಡಿಯ ಲೆಕ್ಕ ಬರೆಯುವ ಲೆಕ್ಕದವನು ಅವನ ಕಿವಿಯ ಹತ್ತಿರ ಬಾಗಿ, ಆದರೆ ಎಲ್ಲರಿಗೂ ಕೇಳುವಂತೆ, "ಇದೆಲ್ಲ ಬಾಯಿಮಾತು. ಕೋರ್ಟಲ್ಲಿ ನಿಲ್ಲಲ್ಲ. ಕೊಡಲ್ಲ ಅಂದ್ಬಿಡಿ," ಎಂದ.

"ಕೋರ್ಟೇ ಉಳಿಸೋ ಮಾತಾಗಿದ್ರೆ ಅದನ್ನ ಉಳಿಸ್ಕೊಳ್ಳೋಕೆ ನಾನ್ಯಾಕೆ ಬೇಕಿತ್ತಯ್ಯ?" ಎಂದು ಯಜಮಾನ ಅವನ ಮೇಲೆ ಹರಿಹಾಯ್ದ. ಮತ್ತೆ ಎಣ್ಣೆಯಕ್ಕನ ಕಡೆ ತಿರುಗಿ, "ನನ್ನ ಹತ್ರಾನೇ ಕಲಿತು ನನಗೇ ಗೆರೆ ಹಾಕ್ತೀಯಾ," ಎಂದ. ಅದರಲ್ಲಿ ಸಿಟ್ಟಿತ್ತು, ಸಿಟ್ಟಿನ ಜೊತೆ ಇನ್ನೇನೋ ಇತ್ತು. "ಎತ್ತು ನೋಡೋಣ."

ಎತ್ತುವುದೇನು ಸುಮ್ಮನೆ ಆಗುವ ಮಾತೇ? ಒಳಗಿರುವುದು ಉಕ್ಕು, ಎತ್ತುವವಳು ಐವತ್ತು ದಾಟಿದವಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಂಡಿ ಬಗ್ಗಿಸಿ, ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡು ಎದ್ದಳು. ಯಾರೋ "ನಿಧಾನ ಅಕ್ಕಾ" ಎಂದರು. ಯಾರೂ ಕೈ ಹಾಕುವಂತಿರಲಿಲ್ಲ. ಎರಡು ಕೈ ಎಂದರೆ ಅವಳವೇ ಎರಡು. ಯಂತ್ರಗಳ ಸಾಲು ದಾಟಿದಳು, ಗಲ್ಲಾ ದಾಟಿದಳು, ಮಗಳು ಮಲಗುತ್ತಿದ್ದ ಮೂಲೆ ದಾಟಿದಳು. ಅಂಗಡಿಯ ಹೊಸ್ತಿಲು ಹಳೆಯ ಕಾಲದ ಅಗಲವಾದ ಕಲ್ಲು. ಅದರ ಮೇಲೆ ಒಂದು ಕಾಲಿಟ್ಟಳು. ಮುಂದಿನ ಹೆಜ್ಜೆಗೆ ಪೆಟ್ಟಿಗೆ ಹೊರಗಿರುತ್ತಿತ್ತು.

ಆಗ ಪೆಟ್ಟಿಗೆಯ ತಳ ಕಳಚಿತು. ರಟ್ಟಿಗೆ ಎಣ್ಣೆ ಕುಡಿಸಿದರೆ ಇನ್ನೇನಾಗುತ್ತದೆ? ಒಡೆಯಲು ಹೊರಟ ವಸ್ತುವಿಗೆ ಎಣ್ಣೆ ಹಾಕುವ ಬುದ್ಧಿ ಇಡೀ ಬೀದಿಯಲ್ಲಿ ಇದ್ದದ್ದು ಒಬ್ಬಳಿಗೇ, ಅದರ ಫಲ ಈಗ ಅವಳ ಕಾಲ ಬುಡದಲ್ಲಿ ಸುರಿಯಿತು. ಶಟಲ್‌ಗಳು ಜಣಜಣ ಎಂದು ಬಿದ್ದು, ಎಣ್ಣೆಗೆ ಜಾರಿ, ಕೆಲವು ಮೆಟ್ಟಿಲಿಳಿದು ಬೀದಿಗೆ ಉರುಳಿದವು, ಬಹಳಷ್ಟು ಅಂಗಡಿಯೊಳಕ್ಕೇ ಹರಿದುಹೋದವು. ಅವಳ ಕೈಯಲ್ಲಿ ಉಳಿದದ್ದು ತಳವಿಲ್ಲದ ಖಾಲಿ ರಟ್ಟು. ಅವಳು ಅದನ್ನು ಇನ್ನೂ ಎದೆಗೆ ಅವಚಿಕೊಂಡೇ ನಿಂತಿದ್ದಳು.

ಎಲ್ಲರೂ ಯಜಮಾನನನ್ನು ನೋಡಿದರು. ಅವನು ಬಂದು ಹೊಸ್ತಿಲ ಒಳಬದಿಯಲ್ಲಿ ನಿಂತ.

"ಆಚೆ ಬಿದ್ದದ್ದು ನಿಂದು," ಎಂದ. "ಈಚೆ ಬಿದ್ದದ್ದು ನಂದು."

ದರ್ಜಿಗಳ ಗುಂಪಿನಲ್ಲಿ ಗುಜುಗುಜು ಎದ್ದಿತು. ಎಣ್ಣೆಯಕ್ಕನಿಗೆ ಕಣ್ಣು ತುಂಬಿ ಬಂತು. ಆದರೂ ತಲೆಯಾಡಿಸಿದಳು. ಅವನ ಗೆರೆ ಎಲ್ಲಿರುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? "ಸರಿ ಯಜಮಾನ್ರೇ," ಎಂದು ಮೆಟ್ಟಿಲ ಮೇಲೆ ಬಿದ್ದವನ್ನು ಆರಿಸಲು ಬಗ್ಗಿದಳು. ಅವು ಒಂದು ಮಡಿಲಿನಷ್ಟೂ ಇರಲಿಲ್ಲ.

ಆಗ ಕಂಬಕ್ಕೆ ಒರಗಿದ್ದ ಕಾಲರಜ್ಜಿ ಕಣ್ಣು ಕಿರಿದು ಮಾಡಿ ಕೆಳಗೆ ನೋಡುತ್ತ ಕೇಳಿದಳು: "ಅಲ್ಲಪ್ಪ, ಈ ಹೊಸ್ತಿಲ ಮೇಲೇ ಬಿದ್ದಿವೆಯಲ್ಲ, ಇವು ಯಾರ್ದು?"

ಎಲ್ಲರೂ ನೋಡಿದರು. ಹೌದು, ಪೆಟ್ಟಿಗೆಯ ತಳ ಕಳಚಿದ್ದೇ ಕಲ್ಲಿನ ಮೇಲೆ. ಉರುಳದೆ ಉಳಿದ ದೊಡ್ಡ ರಾಶಿ ಆಚೆಗೂ ಅಲ್ಲದೆ ಈಚೆಗೂ ಅಲ್ಲದೆ ಅಲ್ಲಿಯೇ ಕೂತಿತ್ತು.

ಯಜಮಾನ ಆ ರಾಶಿಯನ್ನು ನೋಡಿದ. ಬದುಕಿಡೀ ಗೆರೆಯ ಆ ಕಡೆ ಈ ಕಡೆ ಬಲ್ಲವನಿಗೆ ಗೆರೆಯ ಮೇಲೆಯೇ ಏನಾದರೂ ಬೀಳಬಹುದೆಂದು ಹೊಳೆದೇ ಇರಲಿಲ್ಲ. "ಎತ್ತಿ ದಾಟಿಸೋದು ಅಂದಿದ್ರಿ. ದಾಟಿಲ್ಲವಲ್ಲ," ಎಂದು ಲೆಕ್ಕದವನು ಮತ್ತೆ ಮೂಗು ತೂರಿಸಿದ. ಅದೂ ನಿಜವೇ. ಮಾತಿನ ಲೆಕ್ಕದಲ್ಲಿ ಅವು ಯಜಮಾನನಿಗೇ ಸೇರಬೇಕಿತ್ತು.

ಯಜಮಾನ ಕಲ್ಲಿನ ಬಳಿ ಕೂತ. ಅವನ ಮಂಡಿಗಳು ಲಟಕ್ಕೆಂದದ್ದು ಎಲ್ಲರಿಗೂ ಕೇಳಿಸಿತು. ಬಿಳಿ ಅಂಗಿಯ ತೋಳು ಮಡಚದೆಯೇ, ಮೊಣಕೈಯಿಂದ ಅಂಗೈಯವರೆಗೆ ಇಡೀ ಕೈಯನ್ನು ಕಲ್ಲಿನ ಮೇಲೆ ಅಡ್ಡಲಾಗಿಟ್ಟು, ಆ ರಾಶಿಯನ್ನೆಲ್ಲ ಒಂದೇ ಸಲಕ್ಕೆ ಹೊರಕ್ಕೆ ತಳ್ಳಿದ. ಆಮೇಲೆ ಎದ್ದು, ಎಣ್ಣೆ ಮೆತ್ತಿದ ತೋಳನ್ನು ನೋಡಿಕೊಳ್ಳುತ್ತ ಒಳಗೆ ಹೋದ.

ಒಳಗೆ ಬಿದ್ದದ್ದೂ ಉಳಿದ ಪೆಟ್ಟಿಗೆಗಳೂ ಹೇಳಿದಂತೆ ಲಾರಿ ಹತ್ತಿದವು. ಅದರಲ್ಲಿ ಅವನು ಒಂದನ್ನೂ ಬಿಡಲಿಲ್ಲ.

ಎಣ್ಣೆಯಕ್ಕ ಮನೆಯ ಊಟದ ಮೇಜನ್ನು ಕಿಟಕಿಯ ಬಳಿಗೆ ಎಳೆದುಕೊಂಡು ಮಾವನ ಹತ್ಯಾರಗಳನ್ನು ಹರಡಿದಳು. ಊಟ ಅಂದಿನಿಂದ ನೆಲದ ಮೇಲೆ. ಗಂಡ ಸೆಕೆ ಎಂದು ಗೊಣಗುತ್ತ ರಟ್ಟಿನ ತುಂಡಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದ, ಅದು ಅದೇ ಪೆಟ್ಟಿಗೆಯ ರಟ್ಟು. ಮೊದಲ ಶಟಲ್ ಕಾಲರಜ್ಜಿಯ ಯಂತ್ರಕ್ಕೆ ಕೂತಿತು. ಅಜ್ಜಿ ಕಾಲು ತುಳಿದಾಗ ಹೊಲಿಗೆ ಒಂದೂ ಬಿಡದೆ ಸಾಲಾಗಿ ಬಂತು, ಅಜ್ಜಿ ಬಟ್ಟೆಯ ಮೇಲೆ ಬೆರಳಾಡಿಸಿ ನೋಡಿ, "ನಿಮ್ಮ ಮಾವನ ಕೈಯೇ ಇದು," ಎಂದಳು. ಎಣ್ಣೆಯಕ್ಕನಿಗೆ ಅದಕ್ಕಿಂತ ದೊಡ್ಡ ಸಂಭಾವನೆ ಬೇಕಿರಲಿಲ್ಲ. ಎಲ್ಲರಿಗೂ ಸಾಕಾಗುವಷ್ಟು ಶಟಲ್ ಇರಲಿಲ್ಲ. ಎಷ್ಟೋ ಮಂದಿ ಕಂತಿನ ಮೇಲೆ ಹೊಸ ಯಂತ್ರ ತಂದರು, ಇಬ್ಬರು ಕಸುಬನ್ನೇ ಬಿಟ್ಟರು. ಆ ಇಬ್ಬರನ್ನು ಬೀದಿಯಲ್ಲಿ ಕಂಡಾಗ ಎಣ್ಣೆಯಕ್ಕನೇ ಮುಖ ತಗ್ಗಿಸುತ್ತಿದ್ದಳು.

ಆ ಯಜಮಾನ ಒಳ್ಳೆಯವನೋ ಕೆಟ್ಟವನೋ ಎಂದು ಜನ ಅವಳನ್ನು ಈಗಲೂ ಕೇಳುತ್ತಾರೆ. "ನನಗೆ ಒಳ್ಳೇದು ಮಾಡಿದ್ರು. ನಮ್ಮ ಮಾವನಿಗೆ ಮಾಡ್ಲಿಲ್ಲ. ಎರಡನ್ನೂ ಕಣ್ಣಾರೆ ನೋಡಿದ್ದೀನಿ, ಒಂದನ್ನ ಇನ್ನೊಂದರಲ್ಲಿ ಕಳೆಯೋಕೆ ನನಗೆ ಬರಲ್ಲ," ಎನ್ನುತ್ತಾಳೆ. "ಕಾನೂನು ಕಳ್ಳರನ್ನ ಹಿಡಿಯೋಕೆ ಇರೋದು. ಮನುಷ್ಯ ಹೇಗೆ ನಡ್ಕೋಬೇಕು ಅಂತ ಅದು ಎಲ್ಲಿ ಹೇಳುತ್ತೆ?"

ಮ‍ಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಗೆರೆ ಯಜಮಾನ ಕೋಲೂರಿಕೊಂಡು ಆ ಕಿಟಕಿಯ ಮುಂದೆ ಹಾದುಹೋಗುತ್ತಿದ್ದ. ಅವಳು ಕಂಡು ಹೊರಗೆ ಓಡಿಬಂದಳು. ಆ ದಿನದಿಂದ ಇಬ್ಬರೂ ಮಾತಾಡಿರಲಿಲ್ಲ.

"ಯಜಮಾನ್ರೇ, ನಿಮಗೊಂದು ಮಾತು ಹೇಳ್ಬೇಕಿತ್ತು. ನಿಮ್ಮಿಂದ ದೊಡ್ಡ ಉಪಕಾರ ಆಯ್ತು."

"ಯಾವುದಕ್ಕೆ?" ಎಂದ ಅವನು, ಎಂದಿನಂತೆ ಗಡುಸಾಗಿ. "ಸಂಬಳಕ್ಕಾ? ಅದು ನೀನು ದುಡಿದದ್ದು. ಆಚೆ ಬಿದ್ದದ್ದಕ್ಕಾ? ಅದು ನಿನ್ನ ಹಕ್ಕು. ಅದಕ್ಕೆಲ್ಲ ಉಪಕಾರ ಅನ್ಬಾರ್ದು."

"ಅದಕ್ಕಲ್ಲ," ಎಂದಳು ಎಣ್ಣೆಯಕ್ಕ. "ಹೊಸ್ತಿಲ ಮೇಲೆ ಬಿದ್ದದ್ದಕ್ಕೆ."

ಅವನು ಕೋಲನ್ನು ಇನ್ನೊಂದು ಕೈಗೆ ಬದಲಿಸಿ ಮುಂದೆ ನಡೆದ. ಅವನ ಬಿಳಿ ಅಂಗಿಯ ತೋಳಿನಲ್ಲಿ, ಮೊಣಕೈಯಿಂದ ಕೆಳಕ್ಕೆ, ಒಗೆದು ಒಗೆದು ಮಾಸಿದ ಎಣ್ಣೆಯ ಕಲೆ ಇನ್ನೂ ಇತ್ತು.